ಕತ್ತಲಲ್ಲಿ ಎಟಿಪಿ ಸಿಂಥೇಸ್ ಹಿಂದಕ್ಕೆ ತಿರುಗುವುದಿಲ್ಲವೇಕೆ?

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಬೋಧಿಸುತ್ತೇನೆ. ಎಲೆಯ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನಲ್ಲಿ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ತಯಾರಿಸುವ ಎಟಿಪಿ ಸಿಂಥೇಸ್ ಎಂಬ ಕಿಣ್ವ ಎರಡೂ ದಿಕ್ಕಿಗೆ ತಿರುಗಬಲ್ಲದು ಎಂದು ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು, "ಹಾಗಾದರೆ ರಾತ್ರಿ ಅದು ಹಿಂದಕ್ಕೆ ತಿರುಗಿ, ಇರುವ ಎಟಿಪಿಯನ್ನೆಲ್ಲ ಒಡೆದು ಹಾಕುವುದಿಲ್ಲವೇ?" ಎಂದು ಕೇಳಿದಳು. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಅಲ್ಲದೆ, ಒಂದು ಎಟಿಪಿಗೆ ಎಷ್ಟು ಪ್ರೋಟಾನ್ ಬೇಕೆಂಬುದಕ್ಕೆ ಒಂದು ಪುಸ್ತಕ 3 ಎನ್ನುತ್ತದೆ, ಇನ್ನೊಂದು 4, ಮತ್ತೊಂದು 4.67. ಯಾವುದನ್ನು ಕಲಿಸಲಿ? ಈ ಕಿಣ್ವವೂ ಮೈಟೊಕಾಂಡ್ರಿಯದ ಕಿಣ್ವವೂ ಒಂದೇ ಅಲ್ಲವೇ?

ಉತ್ತರ: ನಿಮ್ಮ ವಿದ್ಯಾರ್ಥಿನಿಯ ತರ್ಕದಲ್ಲಿ ಯಾವ ತಪ್ಪೂ ಇಲ್ಲ. ಈ ಕಿಣ್ವವನ್ನು ಅದರ ಪಾಡಿಗೆ ಬಿಟ್ಟರೆ, ಕತ್ತಲಾದ ಸ್ವಲ್ಪ ಹೊತ್ತಿಗೆಲ್ಲ ಅದು ಹಿಮ್ಮುಖವಾಗಿ ತಿರುಗತೊಡಗಿ, ಎಟಿಪಿಯನ್ನು ಒಡೆದು ಪ್ರೋಟಾನುಗಳನ್ನು ಪೊರೆಯ ಆಚೆಗೆ ತಳ್ಳುವ ಪಂಪಾಗುತ್ತದೆ. ಹಾಗಾಗದಂತೆ ತಡೆಯಲು ಸಸ್ಯಗಳ ಮತ್ತು ಹಸಿರು ಪಾಚಿಗಳ ಕಿಣ್ವದಲ್ಲಿ, ಮೈಟೊಕಾಂಡ್ರಿಯದ ಕಿಣ್ವಕ್ಕೆ ಇಲ್ಲದ ಒಂದು ಬೀಗವಿದೆ. ಬೆಳಕು ಬಿದ್ದಾಗ ಅದು ತೆರೆಯುತ್ತದೆ, ಕತ್ತಲಾದಾಗ ಮುಚ್ಚಿಕೊಳ್ಳುತ್ತದೆ. ಎಟಿಪಿ ತಯಾರಿಸುವುದಷ್ಟೇ ಈ ಕಿಣ್ವದ ಕೆಲಸ ಎಂದು ಪಾಠ ಮಾಡುವುದು ನಮ್ಮ ರೂಢಿ. ಆದರೆ ಯಾವಾಗ ನಿಲ್ಲಬೇಕು, ಎಷ್ಟು ನಿಧಾನವಾಗಿ ತಿರುಗಬೇಕು ಎಂಬ ಹಿಡಿತವೂ ಎಲೆಯ ಬದುಕಿಗೆ ಅಷ್ಟೇ ಮುಖ್ಯ, ಮತ್ತು ಆ ಹಿಡಿತ ಕಿಣ್ವದ ರಚನೆಯಲ್ಲಿಯೇ ಬೆಸೆದುಕೊಂಡಿದೆ. ಪ್ರೋಟಾನುಗಳ ಲೆಕ್ಕಕ್ಕೂ ಉತ್ತರ ಸಿಗುವುದು ಅದೇ ರಚನೆಯಲ್ಲಿ.

ಮೊದಲು ದಿಕ್ಕಿನ ವಿಷಯ. ಕ್ಲೋರೋಪ್ಲಾಸ್ಟಿನ ಒಳಗೆ ಥೈಲಕಾಯ್ಡ್ ಎಂಬ ಚಪ್ಪಟೆ ಚೀಲಗಳಿವೆ. ಚೀಲದ ಒಳಗಿನ ಜಾಗಕ್ಕೆ ಲ್ಯೂಮೆನ್ ಎಂದೂ ಹೊರಗಿನ ದ್ರವಕ್ಕೆ ಸ್ಟ್ರೋಮಾ ಎಂದೂ ಹೆಸರು. ಬೆಳಕಿನಲ್ಲಿ ನೀರು ವಿಭಜನೆಯಾಗಿ ಎಲೆಕ್ಟ್ರಾನುಗಳು ಪೊರೆಯಲ್ಲಿ ಸಾಗುವಾಗ ಪ್ರೋಟಾನುಗಳು ಲ್ಯೂಮೆನ್ನಿನಲ್ಲಿ ಕೂಡಿಕೊಳ್ಳುತ್ತವೆ. ಹಗಲಿನಲ್ಲಿ ಸ್ಟ್ರೋಮಾದ ಪಿಎಚ್ 8ರ ಹತ್ತಿರವಿದ್ದರೆ ಲ್ಯೂಮೆನ್ನಿನ ಪಿಎಚ್ 6ರ ಆಸುಪಾಸಿಗೆ ಇಳಿಯುತ್ತದೆ. ಲಿಂಗನಮಕ್ಕಿಯಲ್ಲಿ ನಿಂತ ನೀರಿನ ಎತ್ತರ ಟರ್ಬೈನನ್ನು ತಿರುಗಿಸುವ ಹಾಗೆ, ಈ ಪಿಎಚ್ ವ್ಯತ್ಯಾಸವೂ ಅದರ ಜೊತೆಗಿರುವ ಸಣ್ಣ ವಿದ್ಯುತ್ ವಿಭವವೂ ಸೇರಿ ಕಿಣ್ವವನ್ನು ತಿರುಗಿಸುತ್ತವೆ. ಇವೆರಡನ್ನೂ ಒಟ್ಟಾಗಿ ಇಲ್ಲಿ ಪ್ರೋಟಾನ್ ಒತ್ತಡ ಎಂದು ಕರೆಯುತ್ತೇನೆ. ಈ ವಿಚಾರವನ್ನು ಪೀಟರ್ ಮಿಚೆಲ್ 1961ರಲ್ಲಿ ಮುಂದಿಟ್ಟಾಗ ಒಪ್ಪಿದವರು ಕಡಿಮೆ. ಅಮೆರಿಕದಲ್ಲಿ ಆಂಡ್ರೆ ಯಾಗೆಂಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ 1966ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಿಮ್ಮ ತರಗತಿಗೆ ತಪ್ಪದೆ ಹೇಳಿರಿ. ಅವರು ಥೈಲಕಾಯ್ಡುಗಳನ್ನು ಕತ್ತಲಲ್ಲಿ ಪಿಎಚ್ 4ರ ಆಮ್ಲದಲ್ಲಿ ನೆನೆಸಿಟ್ಟು, ಒಳಗೂ ಆಮ್ಲೀಯತೆ ತುಂಬಿದ ಮೇಲೆ, ಎಟಿಪಿಯ ಕಚ್ಚಾವಸ್ತುಗಳಾದ ಎಡಿಪಿ ಮತ್ತು ಫಾಸ್ಫೇಟ್ ಇದ್ದ ಪಿಎಚ್ 8ರ ದ್ರಾವಣಕ್ಕೆ ಥಟ್ಟನೆ ವರ್ಗಾಯಿಸಿದರು. ಬೆಳಕಿನ ಒಂದು ಕಿರಣವೂ ಇಲ್ಲದೆ ಎಟಿಪಿ ಹುಟ್ಟಿತು. ಪ್ರೋಟಾನ್ ಒತ್ತಡವಿದ್ದರೆ ಸಾಕು, ಅದನ್ನು ಯಾರು ಉಂಟುಮಾಡಿದರೆಂಬುದು ಈ ಕಿಣ್ವಕ್ಕೆ ಬೇಕಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು. ಅದೇ ಮಾತಿನ ಮತ್ತೊಂದು ಮುಖವೇ ನಿಮ್ಮ ವಿದ್ಯಾರ್ಥಿನಿಯ ಚಿಂತೆ: ಒತ್ತಡ ಬಿದ್ದುಹೋಗಿ ಎಟಿಪಿ ಮಾತ್ರ ಉಳಿದಿದ್ದರೆ, ರಸಾಯನಶಾಸ್ತ್ರದ ನಿಯಮದಂತೆ ಪ್ರತಿಕ್ರಿಯೆ ಹಿಂದಕ್ಕೇ ಸಾಗಬೇಕು.

ಈಗ ಕಿಣ್ವದ ರಚನೆಗೆ ಬರೋಣ. ಕ್ಲೋರೋಪ್ಲಾಸ್ಟಿನ ಎಟಿಪಿ ಸಿಂಥೇಸ್ 9 ಬಗೆಯ, ಒಟ್ಟು 26 ಪ್ರೋಟೀನ್ ಉಪಘಟಕಗಳ ಜೋಡಣೆ. ಅದನ್ನು ಎರಡು ಭಾಗವಾಗಿ ನೋಡುವುದು ಅನುಕೂಲ. ಸ್ಟ್ರೋಮಾದ ಕಡೆಗೆ ಚಾಚಿಕೊಂಡಿರುವ ಗುಂಡನೆಯ ತಲೆಯಲ್ಲಿ ಮೂರು ಆಲ್ಫಾ ಮತ್ತು ಮೂರು ಬೀಟಾ ಉಪಘಟಕಗಳು ಕಿತ್ತಳೆಯ ತೊಳೆಗಳಂತೆ ಒಂದು ಬಿಟ್ಟು ಒಂದರಂತೆ ಸುತ್ತ ಜೋಡಿಸಿಕೊಂಡಿವೆ. ಎಟಿಪಿ ರೂಪುಗೊಳ್ಳುವುದು ಮೂರು ಬೀಟಾಗಳಲ್ಲಿ. ತೊಳೆಗಳ ನಡುವಿನ ಟೊಳ್ಳಿನಲ್ಲಿ ಗಾಮಾ ಉಪಘಟಕ ಅಚ್ಚಿನಂತೆ ನಿಂತಿದೆ, ಅದರ ಬುಡಕ್ಕೆ ಎಪ್ಸಿಲಾನ್ ಅಂಟಿಕೊಂಡಿದೆ, ತಲೆಯ ನೆತ್ತಿಯಲ್ಲಿ ಡೆಲ್ಟಾ ಕುಳಿತಿದೆ. ಪೊರೆಯೊಳಗೆ ಹುದುಗಿರುವ ಎರಡನೆಯ ಭಾಗದಲ್ಲಿ ಸಿ ಎಂಬ ಪುಟ್ಟ ಪ್ರೋಟೀನಿನ ಹದಿನಾಲ್ಕು ಪ್ರತಿಗಳು ವೃತ್ತಾಕಾರವಾಗಿ ಜೋಡಿಸಿಕೊಂಡ ಚಕ್ರವಿದೆ, ಚಕ್ರದ ಮಗ್ಗುಲಿಗೆ ಎ ಎಂಬ ಉಪಘಟಕವಿದೆ. ಬಿ ಮತ್ತು ಬಿ-ಪ್ರೈಮ್ ಎಂಬ ಎರಡು ಉದ್ದನೆಯ ಪ್ರೋಟೀನುಗಳು ಪೊರೆಯಿಂದ ಹೊರಟು ತಲೆಯ ಹೊರಮೈಗುಂಟ ಸಾಗಿ ಡೆಲ್ಟಾವನ್ನು ಮುಟ್ಟುತ್ತವೆ. ಚಕ್ರ, ಗಾಮಾ, ಎಪ್ಸಿಲಾನ್ ತಿರುಗುವ ಭಾಗಗಳು. ಉಳಿದವೆಲ್ಲ ನಿಂತ ಭಾಗಗಳು. ಬಿ ಜೋಡಿಯ ಊರುಗೋಲು ಇಲ್ಲದಿದ್ದರೆ ಅಚ್ಚಿನೊಂದಿಗೆ ತಲೆಯೂ ಸುತ್ತಿ ಎಟಿಪಿ ಆಗುತ್ತಲೇ ಇರಲಿಲ್ಲ.

ಈ ಒಂಬತ್ತು ಬಗೆಯ ಪ್ರೋಟೀನುಗಳಲ್ಲಿ ಆರರ ವಂಶವಾಹಿಗಳು ಕ್ಲೋರೋಪ್ಲಾಸ್ಟಿನ ಸ್ವಂತ ಡಿಎನ್‌ಎಯಲ್ಲಿವೆ. ಗಾಮಾ, ಡೆಲ್ಟಾ, ಬಿ-ಪ್ರೈಮ್ ಈ ಮೂರರ ವಂಶವಾಹಿಗಳು ಕೋಶಕೇಂದ್ರದಲ್ಲಿವೆ. ಆ ಪ್ರೋಟೀನುಗಳು ಹೊರಗೆ ತಯಾರಾಗಿ ಒಳಗೆ ಬರಬೇಕು. ನಾವು ಈಗ ನೋಡಲಿರುವ ಬೀಗ ಇರುವುದು, ಹೀಗೆ ಹೊರಗಿನಿಂದ ಬರುವ ಗಾಮಾದಲ್ಲಿ. ಇದು ನನಗೆ ಯಾವಾಗಲೂ ಗಮನಾರ್ಹವೆನಿಸಿದೆ.

ತಿರುಗುವ ಬಗೆ ಹೀಗಿದೆ. ಎ ಉಪಘಟಕದಲ್ಲಿ ಎರಡು ಅರೆಕಾಲುವೆಗಳಿವೆ. ಒಂದು ಲ್ಯೂಮೆನ್ನಿಗೆ ತೆರೆದುಕೊಂಡಿದ್ದರೆ ಇನ್ನೊಂದು ಸ್ಟ್ರೋಮಾಕ್ಕೆ, ಎರಡೂ ಪೊರೆಯ ಮಧ್ಯದವರೆಗೆ ಮಾತ್ರ. ಲ್ಯೂಮೆನ್ನಿನಿಂದ ಒಳಬಂದ ಪ್ರೋಟಾನ್ ಚಕ್ರದ ಒಂದು ಸಿ ಉಪಘಟಕದಲ್ಲಿರುವ ಗ್ಲುಟಾಮಿಕ್ ಆಮ್ಲದ ಮೇಲೆ ಕುಳಿತುಕೊಳ್ಳುತ್ತದೆ. ಬಸಳೆ, ದಂಟು, ಹರಿವೆಗಳ ಸಾಲಿನಲ್ಲಿ ನಾವು ಇಡುವ ಸೊಪ್ಪುಗಳ ಪೈಕಿ ಪ್ರಯೋಗಾಲಯಗಳಿಗೆ ಅಚ್ಚುಮೆಚ್ಚಿನದಾದ ಪಾಲಕಿನಲ್ಲಿ ಇದು 61ನೆಯ ಅಮೈನೋ ಆಮ್ಲ. (ಪ್ರಯೋಗಾಲಯದ ಪಾಲಕ್ ಎಂದರೆ ಸ್ಪಿನೇಸಿಯ ಒಲೆರೇಸಿಯ. ನಮ್ಮ ಸಂತೆಗಳಲ್ಲಿ ಪಾಲಕ್ ಎಂದು ಸಿಗುವುದು ಬಹುಪಾಲು ಬೀಟ್‌ರೂಟಿನ ದಾಯಾದಿಯಾದ ಬೇರೊಂದು ಗಿಡ. ವಿದ್ಯಾರ್ಥಿಗಳು ಇವೆರಡನ್ನು ಒಂದೇ ಎಂದುಕೊಳ್ಳುವುದುಂಟು.) ಆವೇಶ ಕಳೆದುಕೊಂಡ ಆ ಗ್ಲುಟಾಮಿಕ್ ಆಮ್ಲ ಪೊರೆಯ ಕೊಬ್ಬಿನ ಕಡೆಗೆ ಸರಿಯಬಹುದಾದ್ದರಿಂದ ಚಕ್ರ ಒಂದು ಹೆಜ್ಜೆ ತಿರುಗುತ್ತದೆ. ಹೀಗೆ ಹೆಚ್ಚುಕಡಿಮೆ ಒಂದು ಪೂರ್ತಿ ಸುತ್ತು ಬಂದ ಮೇಲೆ ಆ ಪ್ರೋಟಾನ್ ಎರಡನೆಯ ಅರೆಕಾಲುವೆಯ ಬಾಯಿಗೆ ಬಂದು ಸ್ಟ್ರೋಮಾಕ್ಕೆ ಇಳಿದುಹೋಗುತ್ತದೆ. ಎರಡು ಕಾಲುವೆಗಳ ನಡುವೆ ಕಾವಲು ನಿಂತ ಧನ ಆವೇಶದ ಆರ್ಜಿನಿನ್ ಒಂದಿದೆ. ಪ್ರೋಟಾನುಗಳು ಸುತ್ತುಹಾಕದೆ ಅಡ್ಡದಾರಿ ಹಿಡಿಯದಂತೆ ಅದು ತಡೆಯುತ್ತದೆ.

ಚಕ್ರದೊಂದಿಗೆ ಗಾಮಾ ತಿರುಗುವಾಗ ಅದರ ಓರೆಕೋರೆಯಾದ ಮೈ ಮೂರು ಬೀಟಾಗಳನ್ನು ಒಂದಾದ ಮೇಲೊಂದರಂತೆ ಒತ್ತುತ್ತದೆ. ಪ್ರತಿ ಬೀಟಾವೂ ಎಡಿಪಿ ಮತ್ತು ಫಾಸ್ಫೇಟನ್ನು ಸಡಿಲವಾಗಿ ಹಿಡಿಯುವ, ಬಿಗಿಯಾಗಿ ಅಪ್ಪಿ ಎಟಿಪಿಯಾಗಿಸುವ, ಬಾಯಿ ತೆರೆದು ಎಟಿಪಿಯನ್ನು ಬಿಟ್ಟುಕೊಡುವ ಮೂರು ಸ್ಥಿತಿಗಳನ್ನು ಸರದಿಯಂತೆ ದಾಟುತ್ತದೆ. ಪ್ರೋಟಾನ್ ಒತ್ತಡದ ಶಕ್ತಿ ಮುಖ್ಯವಾಗಿ ಬೇಕಾಗುವುದು ಎಟಿಪಿಯನ್ನು ಕಟ್ಟುವುದಕ್ಕಲ್ಲ, ಬಿಗಿಯಾಗಿ ಹಿಡಿದ ಎಟಿಪಿಯನ್ನು ಬಿಡಿಸಿಕೊಳ್ಳುವುದಕ್ಕೆ ಎಂಬುದು ಪಾಲ್ ಬಾಯರ್ ಅವರ ಒಳನೋಟ. ಹಸುವಿನ ಮೈಟೊಕಾಂಡ್ರಿಯದ ಕಿಣ್ವದ ತಲೆಯ ರಚನೆಯನ್ನು 1994ರಲ್ಲಿ ಜಾನ್ ವಾಕರ್ ಅವರ ತಂಡ ಪ್ರಕಟಿಸಿದಾಗ ಮೂರು ಬೀಟಾಗಳು ಮೂರು ಬೇರೆ ಭಂಗಿಗಳಲ್ಲಿ ಕಂಡವು. ಇಬ್ಬರಿಗೂ 1997ರ ನೊಬೆಲ್ ಪಾಲಾಯಿತು. ಅದೇ ವರ್ಷ ಜಪಾನಿನ ಹಿರೊಯುಕಿ ನೋಜಿ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ಕಿಣ್ವದ ಅಚ್ಚಿಗೆ ಆಕ್ಟಿನ್ ಎಳೆಯೊಂದನ್ನು ಕಟ್ಟಿ, ಅದು ಗಿರಗಿರನೆ ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು.

ಇಷ್ಟು ತಿಳಿದರೆ ಪ್ರೋಟಾನುಗಳ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಂದು ಪೂರ್ತಿ ಸುತ್ತಿಗೆ ಮೂರು ಬೀಟಾಗಳಿಂದ ಮೂರು ಎಟಿಪಿ. ಅದೇ ಸುತ್ತಿಗೆ ಚಕ್ರದಲ್ಲಿ ಎಷ್ಟು ಸಿ ಉಪಘಟಕಗಳಿವೆಯೋ ಅಷ್ಟು ಪ್ರೋಟಾನುಗಳು ದಾಟಬೇಕು. ಪಾಲಕಿನ ಚಕ್ರದಲ್ಲಿ 14 ಉಪಘಟಕಗಳಿವೆ ಎಂಬುದು 2000ದಲ್ಲಿ ಪರಮಾಣು ಬಲ ಸೂಕ್ಷ್ಮದರ್ಶಕದಿಂದ ನೇರವಾಗಿ ಎಣಿಸಿದಾಗ ಗೊತ್ತಾಯಿತು. ಅದಕ್ಕೆ ಮೊದಲು 12 ಇರಬಹುದೆಂಬ ಅಂದಾಜಿತ್ತು. 14ನ್ನು 3ರಿಂದ ಭಾಗಿಸಿದರೆ 4.67. ನಿಮ್ಮ ಪುಸ್ತಕಗಳಲ್ಲಿರುವ 3 ಬಹಳ ಹಿಂದಿನ ಪ್ರಯೋಗಗಳಿಂದ ಉಳಿದುಬಂದ ಸಂಖ್ಯೆ, ಅದನ್ನು ಕೈಬಿಡಿ. 4 ಎಂಬುದನ್ನು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಬೇರ್ಪಡಿಸಿದ ಕಿಣ್ವವನ್ನು ಕೃತಕ ಪೊರೆಯಲ್ಲಿಟ್ಟು, ಎಷ್ಟು ಪ್ರೋಟಾನ್ ಒತ್ತಡಕ್ಕೆ ಪ್ರತಿಕ್ರಿಯೆ ಸಮತೋಲಕ್ಕೆ ಬರುತ್ತದೆ ಎಂದು ಅಳೆದ ಎಚ್ಚರಿಕೆಯ ಪ್ರಯೋಗಗಳಲ್ಲಿ ಉತ್ತರ 4ರ ಹತ್ತಿರವೇ ಬಂದಿದೆ. ರಚನೆ ಹೇಳುವ 4.67ಕ್ಕೂ ಅಳತೆ ಹೇಳುವ 4ಕ್ಕೂ ನಡುವಿನ ಈ ಅಂತರ ಪೂರ್ತಿಯಾಗಿ ಬಗೆಹರಿದಿಲ್ಲ. ತರಗತಿಯಲ್ಲಿ 4.67 ಎಂದು ಕಲಿಸಿ, ಅದು ಚಕ್ರದ ಹಲ್ಲುಗಳನ್ನು ಎಣಿಸಿ ಪಡೆದ ಸಂಖ್ಯೆ ಎಂಬ ಮಾತನ್ನೂ ಸೇರಿಸುವುದು ನನ್ನ ಸಲಹೆ.

ಇಲ್ಲಿ ಮೈಟೊಕಾಂಡ್ರಿಯದೊಂದಿಗಿನ ಹೋಲಿಕೆ ಉಪಯುಕ್ತ. ಹಸುವಿನ ಮೈಟೊಕಾಂಡ್ರಿಯದ ಚಕ್ರದಲ್ಲಿ 8 ಸಿ ಉಪಘಟಕಗಳು, ಯೀಸ್ಟಿನಲ್ಲಿ 10. ಅಂದರೆ ಹಸು ಒಂದು ಎಟಿಪಿಗೆ ಸುಮಾರು 2.7 ಪ್ರೋಟಾನುಗಳನ್ನು ತೆತ್ತರೆ ಎಲೆ 4.67ನ್ನು ತೆರುತ್ತದೆ. ಮೇಲ್ನೋಟಕ್ಕೆ ಇದು ದುಂದುವೆಚ್ಚ. ಆದರೆ ಲೆಕ್ಕ ಹಾಕಿ ನೋಡಿ. ಕ್ಲೋರೋಪ್ಲಾಸ್ಟಿನಲ್ಲಿ ಒಂದು ಮೋಲ್ ಎಟಿಪಿ ಕಟ್ಟಲು ಸುಮಾರು 50 ಕಿಲೋಜೌಲ್ ಬೇಕೆಂದುಕೊಳ್ಳೋಣ. 25 ಡಿಗ್ರಿಯಲ್ಲಿ ಪಿಎಚ್‌ನ ಒಂದು ಅಂಕದ ವ್ಯತ್ಯಾಸ ಪ್ರತಿ ಮೋಲ್ ಪ್ರೋಟಾನಿಗೆ ಸುಮಾರು 5.7 ಕಿಲೋಜೌಲ್ ಕೊಡುತ್ತದೆ. 4.67 ಪ್ರೋಟಾನುಗಳು ಸೇರಿ ತಳ್ಳಿದರೆ 1.9 ಅಂಕಗಳಷ್ಟು ವ್ಯತ್ಯಾಸ ಸಾಕು, 2.7ರಷ್ಟೇ ತಳ್ಳಿದರೆ 3.3 ಅಂಕಗಳು ಬೇಕು. ಸ್ಟ್ರೋಮಾದ ಪಿಎಚ್ 8 ಇದ್ದಾಗ ಎರಡನೆಯ ಲೆಕ್ಕದಲ್ಲಿ ಲ್ಯೂಮೆನ್ 4.7ಕ್ಕೆ ಇಳಿಯಬೇಕಾಗುತ್ತದೆ. ಅಷ್ಟು ಆಮ್ಲೀಯತೆಯಲ್ಲಿ ನೀರನ್ನು ವಿಭಜಿಸುವ ಮ್ಯಾಂಗನೀಸ್ ಸಮೂಹವೂ ಎಲೆಕ್ಟ್ರಾನ್ ಸಾಗಿಸುವ ಪ್ರೋಟೀನುಗಳೂ ಹಾನಿಗೊಳಗಾಗುತ್ತವೆ. ಮೈಟೊಕಾಂಡ್ರಿಯದಲ್ಲಿ ಒತ್ತಡದ ಬಹುಭಾಗ ವಿದ್ಯುತ್ ವಿಭವವಾಗಿರುವುದರಿಂದ ಈ ತೊಂದರೆ ಇಲ್ಲ. ಥೈಲಕಾಯ್ಡಿನಲ್ಲಿ ಬಹುಭಾಗ ಆಮ್ಲೀಯತೆಯೇ ಆದ್ದರಿಂದ ದೊಡ್ಡ ಚಕ್ರ ಬೇಕಾಯಿತು ಎಂಬ ವಿವರಣೆ ನನಗೆ ಒಪ್ಪಿತವಾಗಿದೆ. ಹೆಚ್ಚು ಹಲ್ಲಿನ ಚಕ್ರ ಕಡಿಮೆ ಒತ್ತಡದಲ್ಲೂ, ಎಂದರೆ ಮಂದ ಬೆಳಕಿನಲ್ಲೂ, ಕೆಲಸ ಆರಂಭಿಸಬಲ್ಲದು ಎಂಬ ಲಾಭವೂ ಇದರಲ್ಲಿದೆ.

ಈ ಆಯ್ಕೆಗೆ ಎಲೆ ಬೆಲೆಯನ್ನೂ ತೆರುತ್ತಿದೆ. ಒಂದು ಆಮ್ಲಜನಕದ ಅಣು ಹೊರಬರುವಾಗ ನೇರ ಎಲೆಕ್ಟ್ರಾನ್ ಹರಿವಿನಿಂದ, ಎಲೆಕ್ಟ್ರಾನ್ ಹೊತ್ತೊಯ್ಯುವ ಅಣುಗಳಾದ 2 ಎನ್‌ಎಡಿಪಿಎಚ್ ದೊರೆತು, 12 ಪ್ರೋಟಾನುಗಳು ಲ್ಯೂಮೆನ್ನಿನಲ್ಲಿ ಸೇರುತ್ತವೆ. 4.67ರ ದರದಲ್ಲಿ ಅವುಗಳಿಂದ ಆಗುವುದು 2.57 ಎಟಿಪಿ. ಸಕ್ಕರೆ ಕಟ್ಟುವ ಕ್ಯಾಲ್ವಿನ್ ಚಕ್ರದಲ್ಲಿ ಒಂದು ಇಂಗಾಲದ ಡೈಆಕ್ಸೈಡ್ ಹಿಡಿಯಲು 2 ಎನ್‌ಎಡಿಪಿಎಚ್ ಜೊತೆಗೆ 3 ಎಟಿಪಿ ಬೇಕು. ಈ ಕೊರತೆಯನ್ನು ತುಂಬಲು ಬೆಳಕು ಹೀರುವ ಪ್ರೋಟೀನ್ ಸಂಕೀರ್ಣಗಳಲ್ಲಿ ಒಂದಾದ ಫೋಟೊಸಿಸ್ಟಮ್-1ರ ಸುತ್ತ ಎಲೆಕ್ಟ್ರಾನುಗಳು ಮರಳಿ ಮರಳಿ ಸುತ್ತುವ ಚಕ್ರೀಯ ಹರಿವು ಮುಂತಾದ ದಾರಿಗಳಿವೆ. ಅವು ಎನ್‌ಎಡಿಪಿಎಚ್ ಕೊಡದೆ ಪ್ರೋಟಾನ್ ಒತ್ತಡವನ್ನು ಮಾತ್ರ ಹೆಚ್ಚಿಸುತ್ತವೆ. ಜೋಳ, ಮೆಕ್ಕೆಜೋಳ, ಕಬ್ಬುಗಳಲ್ಲಿ ಪ್ರತಿ ಇಂಗಾಲದ ಡೈಆಕ್ಸೈಡಿಗೆ ಇನ್ನೂ 2 ಎಟಿಪಿ ಹೆಚ್ಚು ಬೇಕು. ಆ ಬೆಳೆಗಳಲ್ಲಿ ಎಲೆಯ ನರವನ್ನು ಸುತ್ತುವರಿದ ಕೋಶಗಳ ಕ್ಲೋರೋಪ್ಲಾಸ್ಟುಗಳು ಥೈಲಕಾಯ್ಡುಗಳ ಅಟ್ಟಿಗಳಾದ ಗ್ರಾನಾಗಳನ್ನು ಬಹುತೇಕ ಕೈಬಿಟ್ಟು, ಚಕ್ರೀಯ ಹರಿವನ್ನೇ ಹೆಚ್ಚಾಗಿ ನೆಚ್ಚಿಕೊಂಡಿವೆ. ನಮ್ಮ ಹೊಲದ ಜೋಳದ ಎಲೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡುವ ಪಾಠದಲ್ಲಿ ಈ ಮಾತನ್ನು ಸೇರಿಸಬಹುದು.

ಇನ್ನು ಬೀಗದ ವಿಷಯಕ್ಕೆ ಬರುತ್ತೇನೆ. ಸಸ್ಯಗಳ ಗಾಮಾ ಉಪಘಟಕವನ್ನು ಮೈಟೊಕಾಂಡ್ರಿಯದ ಗಾಮಾದ ಪಕ್ಕಕ್ಕಿಟ್ಟರೆ ಸಸ್ಯದ್ದರಲ್ಲಿ ಸುಮಾರು 40 ಅಮೈನೋ ಆಮ್ಲಗಳಷ್ಟು ಹೆಚ್ಚಿನ ತುಣುಕೊಂದು ಕಾಣುತ್ತದೆ. ಆ ತುಣುಕಿನಲ್ಲಿ ಗಂಧಕವಿರುವ ಅಮೈನೋ ಆಮ್ಲಗಳಾದ ಎರಡು ಸಿಸ್ಟೀನ್‌ಗಳಿವೆ. ಪಾಲಕಿನ ಪಕ್ವ ಪ್ರೋಟೀನಿನಲ್ಲಿ ಅವುಗಳ ಸ್ಥಾನ 199 ಮತ್ತು 205. ಕತ್ತಲಲ್ಲಿ ಇವೆರಡರ ಗಂಧಕಗಳು ಕೂಡಿ ಡೈಸಲ್ಫೈಡ್ ಬಂಧವಾಗುತ್ತದೆ. ಸಯನೋಬ್ಯಾಕ್ಟೀರಿಯಗಳಲ್ಲಿ ಇದಕ್ಕೆ ಸರಿಸಾಟಿಯಾದ ತುಣುಕಿದ್ದರೂ ಈ ಸಿಸ್ಟೀನ್ ಜೋಡಿ ಇಲ್ಲ. ಒಂದೇ ಪೊರೆಯಲ್ಲಿ ಉಸಿರಾಟವನ್ನೂ ದ್ಯುತಿಸಂಶ್ಲೇಷಣೆಯನ್ನೂ ನಡೆಸುವ ಆ ಜೀವಿಗಳಿಗೆ ರಾತ್ರಿಯೂ ಎಟಿಪಿ ಸಿಂಥೇಸ್ ಬೇಕು; ಬೆಳಕನ್ನು ನೆಚ್ಚಿದ ಬೀಗ ಅವುಗಳಿಗೆ ಅಡ್ಡಿಯಾಗುತ್ತಿತ್ತು ಎಂದು ಭಾವಿಸಬಹುದು.

ಬೀಗ ಹೇಗಿದೆ ಎಂಬುದನ್ನು ಕಣ್ಣಾರೆ ಕಾಣಲು 2018ರವರೆಗೆ ಕಾಯಬೇಕಾಯಿತು. ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಜೀವಭೌತಶಾಸ್ತ್ರ ಸಂಸ್ಥೆಯಲ್ಲಿ ವರ್ನರ್ ಕ್ಯೂಲ್‌ಬ್ರಾಂಟ್ ಅವರ ತಂಡ ಪಾಲಕಿನ ಇಡೀ ಕಿಣ್ವದ ರಚನೆಯನ್ನು ಕ್ರಯೊ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಸುಮಾರು 3 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಪ್ರಕಟಿಸಿತು. ಗಾಮಾದ ಹೆಚ್ಚಿನ ತುಣುಕು ಎರಡು ಹೇರ್‌ಪಿನ್‌ಗಳಂತೆ ಮಡಿಸಿಕೊಂಡು ಅಚ್ಚಿನಿಂದ ಹೊರಕ್ಕೆ ಚಾಚಿರುವುದು, ಡೈಸಲ್ಫೈಡ್ ಬಂಧ ಇರುವಾಗ ಆ ಚಾಚು ಗಟ್ಟಿಯಾಗಿ ನಿಂತು, ತಲೆಯ ಬೀಟಾ ಉಪಘಟಕಗಳ ನಡುವೆ ಬೆಣೆಯಂತೆ ಸಿಕ್ಕಿಕೊಂಡು ತಿರುಗುವಿಕೆಯನ್ನು ತಡೆಯುವುದು ಅಲ್ಲಿ ಕಂಡುಬಂತು. ಗಾಡಿಯ ಚಕ್ರ ಉರುಳದಂತೆ ಕೊಡುವ ಅಡ್ಡಗಲ್ಲನ್ನು ನೆನಪಿಸುವ ಈ ಏರ್ಪಾಟನ್ನು ನೋಡಿದಾಗ, ದಶಕಗಳ ಕಾಲ ಕೇವಲ ವೇಗದ ಅಳತೆಗಳಿಂದ ಊಹಿಸಿದ್ದ ಸಂಗತಿ ಆಕಾರ ಪಡೆದು ಎದುರು ನಿಂತಂತಾಗಿ ನನಗಾದ ಸಂತೋಷ ಇಂದಿಗೂ ನೆನಪಿದೆ. ಬಂಧ ಮುರಿದ ಸ್ಥಿತಿಯ ರಚನೆಯೂ ಬಳಿಕ 2020ರಲ್ಲಿ ಬಂದಿತು. ಅದರಲ್ಲಿ ಆ ಚಾಚು ತನ್ನ ಬಿಗಿ ಕಳೆದುಕೊಂಡಿದೆ.

ಬೀಗದ ಕೀಲಿ ಇರುವುದು ಬೆಳಕಿನ ಕೈಯಲ್ಲಿ. ಫೋಟೊಸಿಸ್ಟಮ್-1 ಎಲೆಕ್ಟ್ರಾನುಗಳನ್ನು ಫೆರೆಡಾಕ್ಸಿನ್ ಎಂಬ ಪ್ರೋಟೀನಿಗೆ ಕೊಡುತ್ತದೆ. ಅವುಗಳಲ್ಲಿ ಬಹುಪಾಲು ಎನ್‌ಎಡಿಪಿಎಚ್ ತಯಾರಿಕೆಗೆ ಹೋದರೂ ಸಣ್ಣದೊಂದು ಪಾಲು ಫೆರೆಡಾಕ್ಸಿನ್-ಥಯೊರೆಡಾಕ್ಸಿನ್ ರಿಡಕ್ಟೇಸ್ ಎಂಬ ಕಿಣ್ವದ ಮೂಲಕ ಥಯೊರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನಿಗೆ ತಲುಪುತ್ತದೆ. ಹೀಗೆ ಎಲೆಕ್ಟ್ರಾನ್ ಪಡೆದು ಅಪಕರ್ಷಣಗೊಂಡ ಥಯೊರೆಡಾಕ್ಸಿನ್ ಗಾಮಾದ ಡೈಸಲ್ಫೈಡ್ ಬಂಧವನ್ನು ಮುರಿದು, ಎರಡು ಗಂಧಕಗಳಿಗೂ ಹೈಡ್ರೋಜನ್ ಒದಗಿಸುತ್ತದೆ. ಕ್ಯಾಲ್ವಿನ್ ಚಕ್ರದ ಹಲವು ಕಿಣ್ವಗಳನ್ನು ಎಬ್ಬಿಸುವುದೂ ಇದೇ ಥಯೊರೆಡಾಕ್ಸಿನ್ ವ್ಯವಸ್ಥೆ. ಆದರೆ ಗಾಮಾದ ಬಂಧ ಅವುಗಳಲ್ಲಿ ಹಲವಕ್ಕಿಂತ ಸುಲಭವಾಗಿ ಮುರಿಯುತ್ತದೆ; ಬಹಳ ಮಂದ ಬೆಳಕೇ ಸಾಕು. ಆದ್ದರಿಂದ ಬೆಳಗಿನ ಹೊತ್ತು ಎಟಿಪಿ ಸಿಂಥೇಸ್ ಮೊದಲು ಸಿದ್ಧವಾಗುತ್ತದೆ, ಸಕ್ಕರೆ ಕಟ್ಟುವ ಕಿಣ್ವಗಳು ಅದರ ಹಿಂದೆ ಬರುತ್ತವೆ. ಸಂಜೆಯಾಗಿ ಎಲೆಕ್ಟ್ರಾನುಗಳ ಪೂರೈಕೆ ನಿಂತಾಗ ಬಂಧ ಮತ್ತೆ ಕೂಡಿಕೊಳ್ಳಬೇಕು. ಇದು ಸುಮ್ಮನೆ ಆಗುವುದಲ್ಲ, ಇದಕ್ಕೂ ಉತ್ಕರ್ಷಣದ ದಾರಿಯೊಂದಿದೆ. 2-ಸಿಸ್ ಪೆರಾಕ್ಸಿರೆಡಾಕ್ಸಿನ್ ಎಂಬ ಪ್ರೋಟೀನು ಎಲೆಕ್ಟ್ರಾನುಗಳನ್ನು ಹೈಡ್ರೋಜನ್ ಪೆರಾಕ್ಸೈಡಿಗೆ ಒಪ್ಪಿಸಿ ಇಂತಹ ಕಿಣ್ವಗಳನ್ನು ಕತ್ತಲಿನ ಸ್ಥಿತಿಗೆ ಮರಳಿಸುವುದರಲ್ಲಿ ಪಾಲ್ಗೊಳ್ಳುತ್ತದೆ ಎಂಬುದು ಕಳೆದ ದಶಕದ ಸಂಶೋಧನೆಗಳಿಂದ ತಿಳಿದಿದೆ.

ಒಂದು ಸೂಕ್ಷ್ಮವನ್ನು ಇಲ್ಲಿ ಬಿಡಬಾರದು. ಡೈಸಲ್ಫೈಡ್ ಬಂಧ ಇರುವವರೆಗೂ ಕಿಣ್ವ ಜಪ್ಪಯ್ಯ ಎಂದರೂ ಅಲುಗುವುದಿಲ್ಲ ಎಂದೇನಲ್ಲ. ಬಲವಾದ ಪ್ರೋಟಾನ್ ಒತ್ತಡ ಬಿದ್ದರೆ ಬಂಧವಿದ್ದೂ ಅದು ತಿರುಗಬಲ್ಲದು. ಯಾಗೆಂಡಾರ್ಫ್ ಅವರ ಕತ್ತಲ ಪ್ರಯೋಗದಲ್ಲಿ ಆದದ್ದು ಅದೇ. ಬಂಧ ಮುರಿದರೆ ಕಡಿಮೆ ಒತ್ತಡಕ್ಕೂ ಎಚ್ಚರಗೊಳ್ಳುತ್ತದೆ, ಬಂಧವಿದ್ದರೆ ಹೆಚ್ಚು ಬೇಕು, ಅಷ್ಟೇ ವ್ಯತ್ಯಾಸ. ಬಂಧವನ್ನು ಮುರಿಯುವುದೇ ಕಷ್ಟವಾದ ಅರಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಗಿಡದ ರೂಪಾಂತರಿಗಳು ಬೆಳಕಿನಲ್ಲಿ ಬೆಳೆಯಬಲ್ಲವು ಎಂಬುದಕ್ಕೂ ಇದೇ ಕಾರಣ. ಹಿಮ್ಮುಖ ಚಲನೆಗೆ ಮಾತ್ರ ಇಂತಹ ರಿಯಾಯಿತಿ ಇಲ್ಲ: ರಾತ್ರಿ ಒತ್ತಡ ಕಡಿಮೆ, ಬಂಧ ಕೂಡಿದೆ, ಎಟಿಪಿ ಎಷ್ಟೇ ಇದ್ದರೂ ಅಚ್ಚು ಕದಲದು.

ಬೀಗ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಒತ್ತಡ ಇಳಿದೊಡನೆ ಮೆಗ್ನೀಸಿಯಂ ಜೊತೆಗೂಡಿದ ಎಡಿಪಿ ಬೀಟಾದ ಒಂದು ಕ್ರಿಯಾಸ್ಥಾನದಲ್ಲಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಮತ್ತೆ ಒತ್ತಡ ಬಂದು ಕಿತ್ತೊಗೆಯುವವರೆಗೆ ಆ ಸ್ಥಾನ ನಿಷ್ಕ್ರಿಯವಾಗಿರುತ್ತದೆ. ಗಾಮಾದ ಬಂಧ ಕೂಡಿಕೊಳ್ಳಲು ನಿಮಿಷಗಳೇ ಬೇಕಾಗಬಹುದು. ಆ ನಡುವಿನ ಹೊತ್ತಿನಲ್ಲಿ ಎಟಿಪಿ ಸೋರಿಹೋಗದಂತೆ ಕಾಯುವುದರಲ್ಲಿ ಈ ಎಡಿಪಿಯ ಪಾತ್ರ ದೊಡ್ಡದು. ಎಪ್ಸಿಲಾನ್ ಉಪಘಟಕವೂ ಎಟಿಪಿ ಒಡೆಯುವ ಕೆಲಸಕ್ಕೆ ತಡೆ. ಕಿಣ್ವದ ತಲೆಯನ್ನು ಪೊರೆಯಿಂದ ಬೇರ್ಪಡಿಸಿ ಎಪ್ಸಿಲಾನನ್ನು ತೆಗೆದುಬಿಟ್ಟರೆ ಅದು ಎಟಿಪಿಯನ್ನು ಹೆಚ್ಚು ಚುರುಕಾಗಿ ಒಡೆಯುತ್ತದೆ. ಮೈಟೊಕಾಂಡ್ರಿಯ ಇದೇ ಸಮಸ್ಯೆಗೆ ಬೇರೆ ದಾರಿ ಕಂಡುಕೊಂಡಿದೆ: ಅಲ್ಲಿ ಐಎಫ್-1 ಎಂಬ ಪ್ರತ್ಯೇಕ ಪುಟ್ಟ ಪ್ರೋಟೀನು ಹೊರಗಿನಿಂದ ಬಂದು ತಲೆಯೊಳಗೆ ತೂರಿ ಹಿಮ್ಮುಖ ಚಲನೆಯನ್ನು ನಿಲ್ಲಿಸುತ್ತದೆ. ರಾತ್ರಿ ಕ್ಲೋರೋಪ್ಲಾಸ್ಟಿಗೂ ಅಷ್ಟಿಷ್ಟು ಎಟಿಪಿ ಬೇಕಲ್ಲವೇ ಎಂದು ನಿಮ್ಮ ವಿದ್ಯಾರ್ಥಿನಿ ಮುಂದೆ ಕೇಳಬಹುದು. ಬೇಕು, ಸೈಟೊಪ್ಲಾಸಮ್ಮಿನಿಂದ ಎಟಿಪಿಯನ್ನು ಒಳತರುವ ಸಾಗಣೆ ಪ್ರೋಟೀನುಗಳು ಕ್ಲೋರೋಪ್ಲಾಸ್ಟಿನ ಒಳಪೊರೆಯಲ್ಲಿವೆ. ಹಾಗೆ ದೂರದಿಂದ ತಂದ ಎಟಿಪಿಯನ್ನು ಎಟಿಪಿ ಸಿಂಥೇಸ್ ಒಡೆದು ಹಾಳುಮಾಡದಿರುವುದು ಎಷ್ಟು ಮುಖ್ಯ ಎಂಬುದು ಆಗ ಇನ್ನೂ ಚೆನ್ನಾಗಿ ಅರ್ಥವಾದೀತು.

ಇಷ್ಟರಿಂದ ರಾತ್ರಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಹಗಲಿನಲ್ಲೂ ಈ ಕಿಣ್ವಕ್ಕೆ ಕಡಿವಾಣವಿದೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಜಾಗವೇ ಸಿಕ್ಕಿಲ್ಲವೆಂಬುದು ನನ್ನ ಕೊರಗು. ಗಾಮಾದ ಬೀಗ ಮಂದ ಬೆಳಕಿನಲ್ಲೇ ಪೂರ್ತಿ ತೆರೆದುಬಿಡುವುದರಿಂದ, ನಡುಹಗಲಿನ ಏರಿಳಿತಗಳನ್ನು ಅದು ನಿಭಾಯಿಸಲಾರದು. ಬಿಸಿಲು ಸುರಿಯುತ್ತಿದೆ, ಮಣ್ಣಿನಲ್ಲಿ ನೀರಿಲ್ಲದೆ ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಂಡಿದೆ, ಇಂಗಾಲದ ಡೈಆಕ್ಸೈಡ್ ಒಳಬರುತ್ತಿಲ್ಲ ಎಂದಿಟ್ಟುಕೊಳ್ಳಿ. ಕ್ಯಾಲ್ವಿನ್ ಚಕ್ರ ಮಂದಗತಿಗೆ ಇಳಿದರೂ ಬೆಳಕು ಹೀರುವುದು ನಿಲ್ಲುವುದಿಲ್ಲ. ಆಗ ಎಟಿಪಿ ಸಿಂಥೇಸ್ ಪ್ರೋಟಾನುಗಳನ್ನು ಬಿಟ್ಟುಕೊಡುವ ದರವನ್ನೇ ತಗ್ಗಿಸಿಕೊಳ್ಳುತ್ತದೆ. ಸ್ಟ್ರೋಮಾದಲ್ಲಿ ಬಿಡಿ ಫಾಸ್ಫೇಟ್ ಕಡಿಮೆಯಾಗುವುದು ಇದಕ್ಕೆ ಮುಖ್ಯ ಕಾರಣವೆಂದು ಪರಿಗಣಿಸಲಾಗಿದೆ. ಹೊರದಾರಿ ಕಿರಿದಾದಾಗ ಪ್ರೋಟಾನುಗಳು ಲ್ಯೂಮೆನ್ನಿನಲ್ಲಿ ಶೇಖರವಾಗಿ ಆಮ್ಲೀಯತೆ ಏರುತ್ತದೆ. ಆ ಆಮ್ಲೀಯತೆಯೇ ಎಲೆಗೆ ಸಂದೇಶ: ಪಿಎಸ್‌ಬಿಎಸ್ ಎಂಬ ಪ್ರೋಟೀನು ಎಚ್ಚೆತ್ತು, ವಯೊಲಜ್ಯಾಂಥಿನ್ ಎಂಬ ವರ್ಣದ್ರವ್ಯ ಜಿಯಜ್ಯಾಂಥಿನ್ ಆಗಿ ಬದಲಾಗಿ, ಹೀರಿದ ಬೆಳಕಿನ ಹೆಚ್ಚಿನ ಶಕ್ತಿ ಶಾಖವಾಗಿ ನಿರಪಾಯವಾಗಿ ಹೊರಹೋಗುತ್ತದೆ, ಎಲೆಕ್ಟ್ರಾನುಗಳನ್ನು ದಾಟಿಸುವ ಸೈಟೊಕ್ರೋಮ್ ಬಿ6ಎಫ್ ಎಂಬ ಪ್ರೋಟೀನ್ ಸಂಕೀರ್ಣದಲ್ಲಿ ಅವುಗಳ ಓಟವೂ ನಿಧಾನವಾಗುತ್ತದೆ. ಅತಸುಕೊ ಕನಜಾವಾ ಮತ್ತು ಡೇವಿಡ್ ಕ್ರೇಮರ್ 2002ರಲ್ಲಿ ಜೀವಂತ ಎಲೆಗಳ ಮೇಲೆ ಬೆಳಕಿನ ಹೀರಿಕೆಯ ಸಣ್ಣ ಬದಲಾವಣೆಗಳನ್ನು ಅಳೆದು ಈ ಸಂಬಂಧವನ್ನು ತೋರಿಸಿಕೊಟ್ಟರು. ಎಲೆಯನ್ನು ಕೀಳದೆ, ಅರೆಯದೆ, 520 ನ್ಯಾನೊಮೀಟರ್ ಸುತ್ತಮುತ್ತಲಿನ ಬೆಳಕಿನಿಂದಲೇ ಅದರೊಳಗಿನ ಪ್ರೋಟಾನ್ ಹರಿವನ್ನು ಅಳೆಯುವ ಈ ವಿಧಾನ ನಮ್ಮ ಕ್ಷೇತ್ರಕ್ಕೆ ಸಿಕ್ಕ ದೊಡ್ಡ ವರ.

ಈ ಸಮತೋಲ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ತಂಬಾಕು ಗಿಡಗಳ ಅಧ್ಯಯನ ಒಳ್ಳೆಯ ನಿದರ್ಶನ. ಎಟಿಪಿ ಸಿಂಥೇಸ್‌ನ ಪ್ರಮಾಣವನ್ನೇ ತಗ್ಗಿಸಿದ ಆ ಗಿಡಗಳಲ್ಲಿ ಲ್ಯೂಮೆನ್ ವಿಪರೀತ ಆಮ್ಲೀಯವಾಗಿ ಎಲೆಕ್ಟ್ರಾನ್ ಹರಿವು ಕುಂಠಿತಗೊಂಡಿತು. ಕಿಣ್ವ ಹೆಚ್ಚಾಗಿ ತೆರೆದುಕೊಂಡರೆ ಎಲೆ ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳಲಾರದು, ಹೆಚ್ಚಾಗಿ ಮುಚ್ಚಿಕೊಂಡರೆ ದ್ಯುತಿಸಂಶ್ಲೇಷಣೆಯೇ ಸೊರಗುತ್ತದೆ. ಪ್ರಕೃತಿಯಲ್ಲಿ ಈ ದೌರ್ಬಲ್ಯವನ್ನು ಬಳಸಿಕೊಳ್ಳುವ ಶಿಲೀಂಧ್ರವೂ ಇದೆ. ಆಲ್ಟರ್ನೇರಿಯ ಜಾತಿಯ ಶಿಲೀಂಧ್ರ ಸ್ರವಿಸುವ ಟೆಂಟಾಕ್ಸಿನ್ ಎಂಬ, ನಾಲ್ಕೇ ಅಮೈನೋ ಆಮ್ಲಗಳ ವಿಷ ಕೆಲವು ಗಿಡಗಳ ಈ ಕಿಣ್ವದ ತಲೆಯನ್ನೇ ಹಿಡಿದು ನಿಲ್ಲಿಸಿ, ಎಳೆಯ ಸಸಿಗಳ ಎಲೆ ಬಿಳಿಚಿಕೊಳ್ಳುವಂತೆ ಮಾಡುತ್ತದೆ. ಒಂದು ಗಿಡ ಅದಕ್ಕೆ ಬಲಿಯಾಗುವುದೋ ಇಲ್ಲವೋ ಎಂಬುದನ್ನು ಬೀಟಾ ಉಪಘಟಕದ 83ನೆಯ ಒಂದೇ ಅಮೈನೋ ಆಮ್ಲ ನಿರ್ಧರಿಸುತ್ತದೆ.

ಕೊನೆಯದಾಗಿ, ಕರಿಹಲಗೆಯ ಚಿತ್ರದ ಬಗ್ಗೆ ಒಂದು ತಿದ್ದುಪಡಿ. ಹಲವು ಪುಸ್ತಕಗಳಲ್ಲಿ ಎಟಿಪಿ ಸಿಂಥೇಸನ್ನು ಫೋಟೊಸಿಸ್ಟಮ್-2ರ ಪಕ್ಕದಲ್ಲಿ, ಒಂದೇ ನೇರ ಪೊರೆಯ ಮೇಲೆ ಬರೆದಿರುತ್ತಾರೆ. ನಿಜದಲ್ಲಿ ಫೋಟೊಸಿಸ್ಟಮ್-2 ಹೆಚ್ಚಾಗಿ ಇರುವುದು ಗ್ರಾನಾದಲ್ಲಿ, ಒಂದರ ಮೇಲೊಂದು ದೋಸೆಯಂತೆ ಪೇರಿಸಿದ ಪದರಗಳ ನಡುವೆ. ಆ ಪದರಗಳ ನಡುವಿನ ಸ್ಟ್ರೋಮಾದ ಸಂದು ಸುಮಾರು 3ರಿಂದ 4 ನ್ಯಾನೊಮೀಟರ್ ಅಗಲ ಮಾತ್ರ. ಎಟಿಪಿ ಸಿಂಥೇಸ್‌ನ ತಲೆಯೇ 10 ನ್ಯಾನೊಮೀಟರಿಗಿಂತ ದಪ್ಪವಿರುವುದರಿಂದ ಅದು ಅಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಅದು ಗ್ರಾನಾದ ಮೇಲಿನ ಮತ್ತು ಕೆಳಗಿನ ತುದಿಯ ಪೊರೆಗಳಲ್ಲಿ, ಗ್ರಾನಾಗಳನ್ನು ಒಂದಕ್ಕೊಂದು ಜೋಡಿಸುವ ಪೊರೆಗಳಲ್ಲಿ ಮಾತ್ರ ಇರುತ್ತದೆ. ಗ್ರಾನಾದ ಒಳಗೆ ಬಿಡುಗಡೆಯಾದ ಪ್ರೋಟಾನುಗಳು ಲ್ಯೂಮೆನ್ನಿನಲ್ಲಿ ಅಷ್ಟು ದೂರ ಸಾಗಿಯೇ ಅದನ್ನು ತಲುಪಬೇಕು. ನಾಳೆ ತರಗತಿಯಲ್ಲಿ ಚಿತ್ರ ಬರೆಯುವಾಗ ಗ್ರಾನಾದ ಪದರಗಳ ನಡುವಿನ ಜಾಗವನ್ನು ಖಾಲಿ ಬಿಟ್ಟು, ಎಟಿಪಿ ಸಿಂಥೇಸನ್ನು ಹೊರಗಿನ ಪೊರೆಯ ಮೇಲೆ, ತಲೆ ಸ್ಟ್ರೋಮಾದ ಕಡೆಗೆ ಇರುವಂತೆ ಬರೆಯಿರಿ. ಗಾಮಾದ ಮೈಯಲ್ಲಿ ಎರಡು ಗಂಧಕಗಳನ್ನು ಗುರುತಿಸಿ, ಅವುಗಳ ನಡುವಿನ ಗೆರೆಯನ್ನು ಒಮ್ಮೆ ಬರೆದು ಒಮ್ಮೆ ಅಳಿಸಿ ತೋರಿಸಿ. ಪ್ರಶ್ನೆ ಕೇಳಿದ ಹುಡುಗಿಗೆ ನನ್ನ ಮೆಚ್ಚುಗೆಯನ್ನೂ ತಿಳಿಸಿ.